ಕೆಂಪು ಕ್ರಾಸ್ ಯಾರದು?

ಪ್ರಥಮ ಚಿಕಿತ್ಸೆಯ ತರಬೇತಿಗೆ ಹೋಗಿದ್ದೆ. ಮೇಜಿನ ಮೇಲಿದ್ದ ಪೆಟ್ಟಿಗೆಗೆ ಹಸಿರು ಬಣ್ಣ, ಅದರ ಮೇಲೆ ಬಿಳಿ ಕ್ರಾಸ್. "ಮೇಡಂ, ಇದು ಕೆಂಪು ಇರಬೇಕಲ್ವಾ?" ಅಂತ ಹಿಂದಿನ ಸಾಲಿನಿಂದ ಯಾರೋ ಕೇಳಿದರು.

"ಇಲ್ಲ, ಕೆಂಪು ಕ್ರಾಸ್ ಯುದ್ಧದಲ್ಲಿ ಜೀವ ಕಾಯೋ ಗುರುತು. ಸುಮ್ನೆ ಎಲ್ಲೆಂದರಲ್ಲಿ ಹಾಕೋ ಹಾಗಿಲ್ಲ," ಅಂದರು ಮೇಡಂ. ಅಲ್ಲಿಂದ ಪಾಠ ಬೇರೆ ದಾರಿಗೆ ಹೊರಳಿತು.

1859ರ ಜೂನ್ 24ರಂದು ಇಟಲಿಯ ಸೊಲ್ಫೆರಿನೊದಲ್ಲಿ ದೊಡ್ಡ ಕಾಳಗ ನಡೆಯಿತು. ವ್ಯಾಪಾರದ ಕೆಲಸಕ್ಕೆ ಆ ಕಡೆ ಬಂದಿದ್ದ ಜಿನೀವಾದ ಹೆನ್ರಿ ಡ್ಯುನಾಂಟ್, ಕೇಳುವವರಿಲ್ಲದೆ ನರಳುತ್ತಿದ್ದ ಗಾಯಾಳುಗಳನ್ನು ಕಂಡರು. ಹತ್ತಿರದ ಕಾಸ್ತಿಲ್ಯೋನೆ ಊರಿನ ಹೆಂಗಸರ ಜೊತೆ ತಾವೂ ಆರೈಕೆಗೆ ನಿಂತರು. ಯಾವ ಸೈನ್ಯದವನು ಅಂತ ಯಾರೂ ನೋಡಲಿಲ್ಲ. ಆಗ ಒಂದೊಂದು ಸೈನ್ಯದ ಆಸ್ಪತ್ರೆಗೆ ಒಂದೊಂದು ಬಾವುಟ. ಎದುರಾಳಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಎಲ್ಲರಿಗೂ ಒಂದೇ ಗುರುತು ಅಂತ ಆದದ್ದು 1864ರ ಜಿನೀವಾ ಒಪ್ಪಂದದಲ್ಲಿ. ಸ್ವಿಟ್ಜರ್ಲೆಂಡಿನ ಬಾವುಟದ ಬಣ್ಣ ಅದಲು ಬದಲಾದರೆ ಆ ಗುರುತು.

ಧರ್ಮದ ಗುರುತು ಅಲ್ಲ ಅಂದರೂ ನೋಡಿದವರಿಗೆಲ್ಲ ಹಾಗೆ ಅನಿಸಬೇಕಲ್ಲ? 1876ರಲ್ಲಿ ಆಟೊಮನ್ ಸಾಮ್ರಾಜ್ಯ ಕೆಂಪು ಅರ್ಧಚಂದ್ರ ಬಳಸಿತು. 1929ರಲ್ಲಿ ಅದಕ್ಕೂ ಮಾನ್ಯತೆ ಸಿಕ್ಕಿತು. 2005ರಲ್ಲಿ ಕೆಂಪು ಹರಳು ಬಂತು. ಬಿಳಿ ಬಟ್ಟೆಯ ಮೇಲೆ ತುದಿಯೂರಿ ನಿಂತ ಒಂದು ಕೆಂಪು ಚೌಕದ ಅಂಚು, ಅಷ್ಟೇ. ಯಾವ ದೇಶದ್ದೂ ಅಲ್ಲ, ಯಾವ ದೇವರದ್ದೂ ಅಲ್ಲ. ಮೂರರಲ್ಲಿ ನನಗೆ ಹಿಡಿಸಿದ್ದು ಅದೇ.

ನನಗೆ ಹೊಸದಾಗಿ ತಿಳಿದ ಸಂಗತಿ ಇನ್ನೊಂದಿದೆ. ಕಾಳಗದ ಜಾಗದಲ್ಲಿ ಆಂಬುಲೆನ್ಸಿನ ಮೇಲೆ, ಆಸ್ಪತ್ರೆಯ ಚಾವಣಿಯ ಮೇಲೆ ಈ ಗುರುತು ದೂರದಿಂದಲೇ ಕಾಣುವಷ್ಟು ದೊಡ್ಡದಾಗಿರಬೇಕು. ಅಕ್ಷರ ಬೇಕಿಲ್ಲ. 'ಇಲ್ಲಿಗೆ ಗುಂಡು ಹಾರಿಸಬೇಡಿ' ಅಂತ ಅದೇ ಹೇಳುತ್ತದೆ. ರೆಡ್ ಕ್ರಾಸ್ ಸಂಸ್ಥೆ ತನ್ನ ಪರಿಚಯಕ್ಕೆ ಬಳಸುವ ಲೋಗೋ ಚಿಕ್ಕದಾಗಿರಬೇಕು. ಅದನ್ನು ತೋಳಪಟ್ಟಿಗೂ ಚಾವಣಿಗೂ ಹಾಕುವಂತಿಲ್ಲ. ಎರಡೂ ಕಲಸಿಹೋಗಬಾರದು ಅಂತಲೇ ಈ ಕಟ್ಟುನಿಟ್ಟು. ಈ ಗುರುತಿನ ಗಾಡಿಯಲ್ಲಿ ಒಂದು ಸಲ ಬಂದೂಕು ಸಾಗಿಸಿದರೆ, ಮುಂದಿನ ಸಲ ನಿಜವಾದ ಗಾಯಾಳು ಇರುವ ಗಾಡಿಯನ್ನೂ ಯಾರೂ ನಂಬುವುದಿಲ್ಲ. ಔಷಧಿ ಅಂಗಡಿಯ ಬೋರ್ಡಿನಲ್ಲಿ ಈ ಗುರುತು ಹಾಕುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೂ ಎಲ್ಲ ಕಡೆ ಕಂಡು ಕಂಡು ಅದರ ಬಿಗಿ ಸಡಿಲವಾಗುತ್ತದೆ.

ರೆಡ್ ಕ್ರಾಸ್ 1965ರಲ್ಲಿ ವಿಯೆನ್ನಾದಲ್ಲಿ ಒಪ್ಪಿದ ತನ್ನ ಏಳು ತತ್ವಗಳನ್ನೂ ಮೇಡಂ ಹೇಳಿದರು. ಮಾನವೀಯತೆಗೆ ಎಲ್ಲರೂ ತಲೆಯಾಡಿಸಿದರು. ಪಕ್ಷಪಾತ ಮಾಡಬಾರದು ಅಂದಾಗ ಒಬ್ಬರು, "ಊರಿಗೆ ಬಾಂಬ್ ಹಾಕಿದವನಿಗೂ ಮದ್ದು ಕಟ್ಟಬೇಕಾ?" ಅಂದರು. "ಅವನ ಗಾಯ ಜಾಸ್ತಿ ಇದ್ದರೆ ಅವನಿಗೇ ಮೊದಲು. ವಿಚಾರಣೆಗೆ ಕೋರ್ಟ್ ಇದೆ," ಅಂದರು ಮೇಡಂ. ಕೇಳಿದವರು ಒಪ್ಪಲಿಲ್ಲ, ಊಟದ ಹೊತ್ತಲ್ಲೂ ವಾದ ಮಾಡುತ್ತಲೇ ಇದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನಾನು ಮೇಡಂ ಕಡೆಗೇ.