ನಿಧಾನವಾಗಿ ಹೇಳಿ, ಆದರೆ ಬೇಗ ಮುಗಿಸಿ

ಸ್ಕ್ರಿಪ್ಟ್ ಕೈಗೆ ಬಂದಾಗಲೇ ಅನ್ನಿಸಿತ್ತು, ಇದು 30 ಸೆಕೆಂಡಿಗೆ ಹಿಡಿಸುವುದಿಲ್ಲ ಅಂತ. ವಯಸ್ಸಾದವರಿಗೆ ಮಾತ್ರೆಯ ಹೊತ್ತನ್ನು ನೆನಪಿಸುವ ಒಂದು ಆ್ಯಪ್‌ನ ಜಾಹೀರಾತು. ಅದಕ್ಕೆ ಧ್ವನಿ ಕೊಡುವ ಕೆಲಸ ನನ್ನದು. ಸ್ಕ್ರಿಪ್ಟಿನಲ್ಲಿ 88 ಪದಗಳಿದ್ದವು. ಕೊನೆಗೆ ಸಹಾಯವಾಣಿ ನಂಬರ್ ಬೇರೆ. ಇಂಗ್ಲಿಷ್‌ನಲ್ಲಿ 30 ಸೆಕೆಂಡಿಗೆ ಸುಮಾರು 75 ಪದ ಅಂತ ಒಂದು ಲೆಕ್ಕವಿದೆ. ಕನ್ನಡದಲ್ಲಿ ಅದು ನಡೆಯುವುದಿಲ್ಲ. 'ತೆಗೆದುಕೊಳ್ಳುವುದನ್ನು' ಅನ್ನುವುದು ಎಣಿಸುವವರಿಗೆ ಒಂದೇ ಪದ, ಹೇಳುವ ಬಾಯಿಗೆ ಎಂಟು ಅಕ್ಷರ. ನನ್ನ ಅಂದಾಜಿನಲ್ಲಿ 50, 55 ಪದ ದಾಟಿತು ಅಂದರೆ ಮಾತಾಡುವುದು ನಿಂತು ಓಡುವುದು ಶುರುವಾಗುತ್ತದೆ.

ಸ್ಕ್ರಿಪ್ಟಿನ ತಲೆಯ ಮೇಲೆ ಸೂಚನೆಗಳೂ ಇದ್ದವು. ನಿಧಾನವಾಗಿರಲಿ, ಪ್ರತಿ ಪದವೂ ಮನಸ್ಸಿಗೆ ಇಳಿಯಲಿ. ಎನರ್ಜಿ ಜಾಸ್ತಿ ಇರಲಿ, ಆದರೆ ಶಾಂತವಾಗಿರಲಿ. ಮಗಳು ಮಾತಾಡಿದ ಹಾಗಿರಬೇಕು, ಕೇಳಿದರೆ ಡಾಕ್ಟರ್ ಹೇಳಿದಷ್ಟು ನಂಬಿಕೆ ಬರಬೇಕು. ಹಿಂದಿನ ದಿನವೇ ಮೇಲ್ ಮಾಡಿ, ಪದ ಜಾಸ್ತಿಯಾಗಿದೆ, ಸ್ವಲ್ಪ ಇಳಿಸಿ ಕೊಡಿ ಅಂದಿದ್ದೆ. 'ನೀವು ಅನುಭವಿಗಳು ಮೇಡಂ, ಮ್ಯಾನೇಜ್ ಮಾಡ್ತೀರಿ' ಅಂತ ಉತ್ತರ ಬಂತು. ಕೇಳುವುದಕ್ಕೆ ಹೊಗಳಿಕೆ. ಅಸಲಿಗೆ, ನಮ್ಮ ತಲೆನೋವು ಈಗ ನಿಮ್ಮದು ಅಂತ ಅರ್ಥ.

ಸ್ಟುಡಿಯೋದಲ್ಲಿ ಗಾಜಿನ ಆಚೆ ಸೌಂಡ್ ಎಂಜಿನಿಯರ್. ಉಳಿದವರೆಲ್ಲ ವಿಡಿಯೋ ಕಾಲ್‌ನಲ್ಲಿ. ಕಂಪನಿಯ ಕಡೆಯಿಂದ ಒಬ್ಬ ಮ್ಯಾನೇಜರ್, ಸ್ಕ್ರಿಪ್ಟ್ ಬರೆದ ಹುಡುಗ, ಇನ್ನೂ ಒಂದಿಬ್ಬರು. ಜೊತೆಗೆ ಕ್ಯಾಮೆರಾ ಆಫ್ ಮಾಡಿಕೊಂಡ ಒಂದು ಕಪ್ಪು ಚೌಕ. ಅದು ಮ್ಯಾನೇಜರ್‌ನ ಬಾಸ್ ಅಂತ ಆಮೇಲೆ ಗೊತ್ತಾಯಿತು. ಇಂಥ ಕಾಲ್‌ಗಳಲ್ಲಿ ನಿರ್ಧಾರ ಮಾಡುವವರು ಸಾಮಾನ್ಯವಾಗಿ ಆ ಕಪ್ಪು ಚೌಕದಲ್ಲೇ ಇರುತ್ತಾರೆ, ನೋಡಿ ಬೇಕಾದರೆ.

ಇಂಥ ಹೊತ್ತಿನಲ್ಲಿ ವಾದ ಮಾಡುವುದರಿಂದ ಏನೂ ಗಿಟ್ಟುವುದಿಲ್ಲ. ಆಗಲ್ಲ ಅಂದರೆ ಇವರಿಗೆ ಬರಲ್ಲ ಅಂದುಕೊಳ್ಳುತ್ತಾರೆ. ಅದಕ್ಕೆ ಅವರು ಕೇಳಿದ್ದನ್ನು ಹಾಗೇ ಮಾಡಿ ತೋರಿಸಿದೆ. ಮೊದಲು ನಿಧಾನವಾಗಿ, ಆತ್ಮೀಯವಾಗಿ ಓದಿದೆ. ಎಲ್ಲರಿಗೂ ಹಿಡಿಸಿತು. 'ಸೂಪರ್, ಇದೇ ಟೋನ್' ಅಂದರು ಮ್ಯಾನೇಜರ್. ಎಂಜಿನಿಯರ್ ಗಾಜಿನ ಆಚೆಯಿಂದ ಮಾತಾಡುವ ಮೈಕಿನಲ್ಲಿ, ಅಂದರೆ ಟಾಕ್‌ಬ್ಯಾಕ್‌ನಲ್ಲಿ ತಣ್ಣಗೆ ಹೇಳಿದ, 'ಸರ್, 52 ಸೆಕೆಂಡ್ ಆಯ್ತು.' ಆಮೇಲೆ 30 ಸೆಕೆಂಡಿಗೆ ಮುಗಿಸಿ ತೋರಿಸಿದೆ. ಕೊನೆಯ ಬಸ್ಸು ಹಿಡಿಯಲು ಓಡುತ್ತಾ ಫೋನಿನಲ್ಲಿ ಮಾತಾಡುವವರ ಹಾಗಿತ್ತು ಅದು. ಅಜ್ಜ ಅಜ್ಜಿಯರಿಗೆ ಧೈರ್ಯ ಹೇಳಬೇಕಾದ ಜಾಹೀರಾತು, ಕೇಳಿದರೆ ಎದೆ ಡವಡವ ಅನ್ನಬೇಕು.

'ಟೋನ್ ಮೊದಲಿಂದು, ಟೈಮಿಂಗ್ ಎರಡನೇದು. ಎಡಿಟ್‌ನಲ್ಲಿ ಸ್ಪೀಡ್ ಮಾಡಬಹುದಲ್ವಾ?' ಅಂತ ಮ್ಯಾನೇಜರ್ ಕೇಳಿದರು.

ಕೇಳುವುದು ತಪ್ಪಲ್ಲ. ಸಾಫ್ಟ್‌ವೇರ್‌ನಲ್ಲಿ ಶ್ರುತಿ ಏರದ ಹಾಗೆ ಮಾತಿನ ವೇಗ ಹೆಚ್ಚಿಸಬಹುದು. ಉಸಿರಿನ ಸದ್ದುಗಳನ್ನು, ವಾಕ್ಯಗಳ ನಡುವಿನ ಬಿಡುವನ್ನು ಕತ್ತರಿಸಬಹುದು. ಅವಧಿಯನ್ನು ಶೇ 5ರಷ್ಟು ಇಳಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. 52 ಅನ್ನು 30ಕ್ಕೆ ಇಳಿಸಿದರೆ? ಎಂಜಿನಿಯರ್ ವಿವರಿಸಲು ಹೋಗಲಿಲ್ಲ, ಅಲ್ಲೇ ಮಾಡಿ ಪ್ಲೇ ಮಾಡಿದ. ನನ್ನದೇ ಧ್ವನಿ, ಆದರೆ ಉಸಿರೇ ಇಲ್ಲ. ಒತ್ತಕ್ಷರಗಳೆಲ್ಲ ಒಂದರ ಮೇಲೊಂದು ಬಿದ್ದಿದ್ದವು. ನಂಬರ್ ಅಂತೂ ಬರೆದುಕೊಳ್ಳುವುದಿರಲಿ, ಅದು ನಂಬರ್ ಅಂತ ತಿಳಿಯುವುದೇ ಕಷ್ಟ.

ಕಾಲ್‌ನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಬರೆದ ಹುಡುಗ ಮೆಲ್ಲಗೆ, 'ಸರ್, ಮೊದಲನೇ ಡ್ರಾಫ್ಟ್ 48 ಪದ ಇತ್ತು' ಅಂದ. ಆಗ ಗೊತ್ತಾಯಿತು ಕಥೆ. ಅವನು ಚಿಕ್ಕದಾಗಿ, ಚೆನ್ನಾಗಿಯೇ ಬರೆದಿದ್ದಾನೆ. ಆಮೇಲೆ ಒಬ್ಬೊಬ್ಬರು ಒಂದೊಂದು ಸಾಲು ಸೇರಿಸಿದ್ದಾರೆ. ಆ್ಯಪ್‌ನಲ್ಲಿರುವ ಒಂದು ಸೌಲಭ್ಯವೂ ಬಿಟ್ಟುಹೋಗಬಾರದು ಅಂತ ಕಪ್ಪು ಚೌಕದ ಆಸೆ. ಬಾಸ್‌ಗೆ ಬೇಡ ಅನ್ನುವ ಧೈರ್ಯ ಯಾರಿಗೂ ಇಲ್ಲ. ಮೀಟಿಂಗ್‌ನಲ್ಲಿ ಅವರು ಆಡದೇ ಬಿಟ್ಟ ಮಾತನ್ನೆಲ್ಲ ನಾನು 30 ಸೆಕೆಂಡಿನಲ್ಲಿ ಸರಿಮಾಡಬೇಕು!

ನನ್ನ ಅನುಭವದಲ್ಲಿ ಆಗದ ಹೋಗದ ನಿರ್ದೇಶನಗಳಲ್ಲಿ ಹೆಚ್ಚಿನವು ಹೀಗೇ. ಧ್ವನಿಯಲ್ಲಿ ಏನೋ ಕಮ್ಮಿ ಅನ್ನುತ್ತಾರೆ. ಕಮ್ಮಿ ಇರುವುದು ಬರವಣಿಗೆಯಲ್ಲಿ, ಅಥವಾ ಇನ್ನೂ ಸಂಗೀತ ಬಂದಿಲ್ಲದ ವಿಡಿಯೋದಲ್ಲಿ. ಎಲ್ಲ ಮುಗಿದ ಮೇಲೆ ಕೊನೆಗೆ ಬದಲಾಯಿಸಲು ಸಿಗುವುದು ಧ್ವನಿ ಒಂದೇ. ಹಾಗಾಗಿ ಬಾಣವೆಲ್ಲ ಇತ್ತ ಕಡೆಗೇ.

ಹಾಗೆ ಸೇರಿಸಿದ ಕೆಲವು ಸಾಲುಗಳನ್ನು ಕತ್ತರಿಸಿದ ಮೇಲೆ 56 ಪದ ಉಳಿಯಿತು. ಆದರೂ ಪರವಾಗಿಲ್ಲ. ಈಗ ಶುರುವಾಯಿತು ಗುಣವಾಚಕಗಳ ಮಳೆ. ಸ್ವಲ್ಪ ಬೆಚ್ಚಗಿರಲಿ. ಸ್ವಲ್ಪ ಪ್ರೀಮಿಯಂ ಆಗಿರಲಿ. ಎನರ್ಜಿ ಬೇಕು, ಆದರೆ ಮಾರುವ ಹಾಗೆ ಇರಬಾರದು. (ಮಾರುವುದಕ್ಕೇ ತಾನೇ ಜಾಹೀರಾತು ಮಾಡ್ತಿರೋದು? ಬಾಯಿಬಿಟ್ಟು ಕೇಳಲಿಲ್ಲ.) ಬೆಚ್ಚಗೆ ಅಂದರೆ ಬಾಯಿಗೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಬಾಯಿಗೆ ಗೊತ್ತಾಗುವುದು ವೇಗ, ಸದ್ದು, ಶ್ರುತಿ, ನಿಲುಗಡೆ, ನಗು ಇಷ್ಟೇ. ಅದಕ್ಕೆ ನಾನು ತಿರುಗಿ ಕೇಳುತ್ತೇನೆ. ಸರ್, ವೇಗ ಇಳಿಸಲಾ, ನಗು ಹೆಚ್ಚಿಸಲಾ? ಕೇಳುವವರು ನನ್ನ ಪಕ್ಕದಲ್ಲಿ ಕೂತಿದ್ದಾರಾ, ಎದುರು ಮನೆ ಜಗಲಿಯಲ್ಲಾ? ಹೀಗೆ ಕೇಳಿದರೆ ಅರ್ಧಕ್ಕರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ. ಅವತ್ತು ಪಕ್ಕದಲ್ಲಿ ಕೂತಿದ್ದಾರೆ ಅಂತಾಯಿತು. ಹಾಗಾದರೆ ಸದ್ದು ಇಳಿಯಬೇಕು, ಎನರ್ಜಿಯ ಮಾತು ಅಲ್ಲಿಗೆ ಮುಗಿಯಿತು.

'ಧ್ವನಿಗೆ ಇನ್ನೂ ತೂಕ ಬೇಕು ಮೇಡಂ, ಡಾಕ್ಟರ್ ತರಹ.' ನನ್ನ ಗಂಟಲಿನಲ್ಲಿ ಇರುವಷ್ಟೇ ತೂಕ ತಾನೇ ಬರುವುದು! ಆದರೆ ಇದಕ್ಕೊಂದು ಉಪಾಯವಿದೆ. ಒಂದೇ ಕಡೆಯಿಂದ ಸದ್ದು ಹಿಡಿಯುವ ಮೈಕುಗಳಲ್ಲಿ ಬಾಯಿ ಹತ್ತಿರ ಹೋದಷ್ಟೂ ಕೆಳಗಿನ ಸ್ವರಗಳು ದಪ್ಪವಾಗಿ ಕೇಳುತ್ತವೆ. ಒಂದು ಗೇಣು ದೂರದಲ್ಲಿದ್ದವಳು ನಾಲ್ಕು ಬೆರಳಿನಷ್ಟು ಹತ್ತಿರ ಹೋದೆ. ಹತ್ತಿರವಾದರೆ ಪ, ಭ ಬಂದಾಗ ಉಸಿರು ಮೈಕಿಗೆ ಹೊಡೆದು 'ಧಪ್' ಅನ್ನುತ್ತದೆ. ಅದಕ್ಕೆ ಮುಖವನ್ನು ಒಂದು ಚೂರು ಓರೆ ಮಾಡಿಕೊಂಡು, ಸಣ್ಣ ದನಿಯಲ್ಲಿ ಓದಿದೆ. 'ಹಾಂ! ಈಗ ಡಾಕ್ಟರ್ ಬಂದ್ರು' ಅಂದರು. ಡಾಕ್ಟರ್ ಬಂದಿದ್ದು ಮೈಕಿನಿಂದ, ನನ್ನಿಂದಲ್ಲ.

ಯಾರೋ 'ನೀರು ಕುಡಿದು ಹೇಳಿ ಮೇಡಂ, ಗಂಟಲು ಕ್ಲಿಯರ್ ಆಗುತ್ತೆ' ಅಂದರು. ಕುಡಿದ ನೀರು ಹೋಗುವುದು ಅನ್ನನಾಳಕ್ಕೆ, ಧ್ವನಿತಂತುಗಳನ್ನು ಅದು ಮುಟ್ಟುವುದೇ ಇಲ್ಲ. ಒಣಗಿದ ಬಾಯಿಯ ಚಟಚಟ ಸದ್ದು ಕಮ್ಮಿಯಾಗುತ್ತದೆ, ಅಷ್ಟೇ. ಆದರೂ ಕುಡಿದೆ. ಒಳ್ಳೆಯ ಮನಸ್ಸಿನಿಂದ ಹೇಳಿದ್ದರು.

ಅಷ್ಟರಲ್ಲಿ ಕಪ್ಪು ಚೌಕ ಮೊದಲ ಸಲ ಮಾತಾಡಿತು. ಒಬ್ಬ ಹೆಸರಾಂತ ನಟಿಯ ಹೆಸರು ಹೇಳಿ, ಅವರ ಧ್ವನಿ ಬರಲಿ, ಕೇಳಿದವರು ಅವರೇ ಅಂದುಕೊಳ್ಳಬೇಕು ಅಂದರು. ಇಲ್ಲಿ ಮಾತ್ರ ನಾನು ಮಾಡಿ ತೋರಿಸುವುದಿಲ್ಲ, ಆಗುವುದಿಲ್ಲ ಅಂತ ನೇರವಾಗಿ ಹೇಳುತ್ತೇನೆ. ಅಮೆರಿಕದಲ್ಲಿ ಗಾಯಕಿ ಬೆಟ್ ಮಿಡ್ಲರ್ ಜಾಹೀರಾತಿಗೆ ಹಾಡಲು ಒಪ್ಪದಿದ್ದಾಗ, ಅವರ ಜೊತೆ ಹಾಡುತ್ತಿದ್ದವರನ್ನೇ ಕರೆಸಿ ಅವರ ಹಾಗೇ ಹಾಡಿಸಿದ್ದರು. 1988ರಲ್ಲಿ ಮೇಲ್ಮನವಿ ನ್ಯಾಯಾಲಯ, ಹೆಸರಾಂತ ಧ್ವನಿಯನ್ನು ಮಾರಾಟಕ್ಕಾಗಿ ಬೇಕೆಂದೇ ಅನುಕರಿಸುವುದು ಸರಿಯಲ್ಲ ಅಂತ ಮಿಡ್ಲರ್ ಪರವಾಗಿ ನಿಂತಿತು. ಇದನ್ನು ಚುಟುಕಾಗಿ ಹೇಳಿ, 'ಸರ್, ಅವರ ಮಾತಿನಲ್ಲಿ ನಿಮಗೆ ಏನು ಇಷ್ಟ?' ಅಂತ ಕೇಳಿದೆ. ಸ್ವಲ್ಪ ಯೋಚಿಸಿ, 'ಅವರು ಅವಸರ ಮಾಡಲ್ಲ' ಅಂದರು. ಅದಾದರೆ ನಾನೂ ಮಾಡಬಲ್ಲೆ. ಆದರೆ 56 ಪದದಲ್ಲಿ ಅಲ್ಲ.

ಕೊನೆಗೆ ಅವರೇ ಒಂದು ಸಾಲನ್ನು ಓದಿ ತೋರಿಸಿದರು. ಕ್ಲೈಂಟ್ ಹೀಗೆ ಹೇಳಿಕೊಡುವುದು ನಮ್ಮಲ್ಲಿ ಎಷ್ಟೋ ಜನರಿಗೆ ಇಷ್ಟವಾಗುವುದಿಲ್ಲ, ಅವಮಾನ ಅನ್ನಿಸುತ್ತದೆ. ನನಗೆ ಅದು ಉಪಕಾರ. ಅವರ ಉಚ್ಚಾರ, ಏರಿಳಿತ ಹೇಗಾದರೂ ಇರಲಿ, ಯಾವ ಪದದ ಮೇಲೆ ಭಾರ ಹಾಕುತ್ತಾರೆ ಅನ್ನುವುದಷ್ಟೇ ನನಗೆ ಬೇಕು. ಅವರು ಭಾರ ಹಾಕಿದ್ದು 'ಹೊತ್ತಿಗೆ ಸರಿಯಾಗಿ' ಅನ್ನುವುದರ ಮೇಲೆ. ನಾನು ಅಲ್ಲಿಯವರೆಗೆ 'ಅಮ್ಮನಿಗೆ' ಅನ್ನುವುದನ್ನು ಎತ್ತಿ ಹೇಳುತ್ತಿದ್ದೆ. ಕಮ್ಮಿ ಇದೆ, ಕಮ್ಮಿ ಇದೆ ಅನ್ನುತ್ತಿದ್ದುದು ಇದೇ. ಆ ಎರಡು ಪದಕ್ಕೆ ಒಂಚೂರು ಜಾಗ ಕೊಟ್ಟು, ಅದೇ ಸಾಲನ್ನು ಮೂರು ಥರ ಹೇಳಿದೆ. ಎರಡನೆಯದನ್ನು ಆರಿಸಿದರು. ಜಾಗ ಸಾಲದು ಅಂತ ಇನ್ನೊಂದು ವಾಕ್ಯವನ್ನು ಬಾಸ್ ತಾವಾಗಿಯೇ ತೆಗೆಸಿದರು. ಬರೆದ ಹುಡುಗನ ಮುಖ ನೋಡಬೇಕಿತ್ತು.

ಮಾರನೇ ದಿನ ಮ್ಯಾನೇಜರ್‌ನಿಂದ ಮೇಲ್. ಎಲ್ಲರಿಗೂ ತುಂಬಾ ಇಷ್ಟವಾಗಿದೆಯಂತೆ. ಅದೇ ಸ್ಕ್ರಿಪ್ಟ್, ಅದೇ ನಿಧಾನ, ಅದೇ ಫೀಲ್, 20 ಸೆಕೆಂಡಿನಲ್ಲಿ ಒಂದು ಮಾಡಿಕೊಡಬಹುದಾ ಅಂತ ಕೇಳಿದ್ದರು. ನನ್ನ ಓದಿನಲ್ಲಿ ಕೊರತೆ ಇದ್ದರೆ ಸುಮ್ನೆ ಮಾಡಿಕೊಡುತ್ತೇನೆ, ಸ್ಕ್ರಿಪ್ಟ್ ಅಥವಾ ಅವಧಿ ಬದಲಾದರೆ ಅದು ಹೊಸ ಕೆಲಸ. ಒಪ್ಪಂದದಲ್ಲಿ ಮೊದಲೇ ಬರೆದಿರುತ್ತೇನೆ. ಸ್ಕ್ರಿಪ್ಟಿನಲ್ಲಿ ಯಾವ ಸಾಲುಗಳನ್ನು ತೆಗೆಯಬೇಕು ಅಂತ ಗೆರೆ ಎಳೆದು, ಹೊಸ ಸೆಷನ್ನಿನ ದರ ನಮೂದಿಸಿ ಉತ್ತರ ಕಳಿಸಿದೆ. ಆ ಉತ್ತರದ ಒಂದು ಪ್ರತಿ, ಸ್ಕ್ರಿಪ್ಟ್ ಬರೆದ ಹುಡುಗನಿಗೂ ಹೋಗುವ ಹಾಗೆ ನೋಡಿಕೊಂಡೆ.