ಪಾನಾ ಹಿಡಿಯೂದು ಐತವಾರ

“ಪಾನಾ ಇನ್ನಾ ಕೈಯಾಗ ಹಿಡದಿಲ್ಲ. ರೊಕ್ಕ ಯಾತರದ್ದು ಮಿಸ್ತ್ರಿ?”

ಕೇಳಿದ್ದು ನಮ್ಮ ಕಾಕಾ. ಪಾನಾ ಅಂದರೆ ನಟ್ಟು ಬಿಚ್ಚುವ ಸ್ಪ್ಯಾನರ್; ಗಾಡಿಯ ಗೇರ್ ಬಾಕ್ಸ್ ಬದಲಿಸುವ ಮುಂಚಿನ ತಯಾರಿಗೇ ಮಿಸ್ತ್ರಿ ರೊಕ್ಕ ಕೇಳಿದ್ದರು. ಮಿಸ್ತ್ರಿ ತಲೆ ಎತ್ತಲಿಲ್ಲ. ವೈರ್ ಬ್ರಶ್ಶಿನಿಂದ ಗೇರ್ ಬಾಕ್ಸಿಗೆ ಅಂಟಿದ ಎಣ್ಣೆಮಣ್ಣು ಕೆರೆಯುತ್ತಲೇ ಹೇಳಿದರು: “ಪಾನಾ ಹಿಡಿಯೂದು ಐತವಾರ ಐತ್ರಿ ಕಾಕಾರ. ಕೆಲಸ ಇವತ್ತ ಮುಗೀತು.”

ಕಾಕಾ ನನ್ನ ಕಡೆ ತಿರುಗಿ, ‘ಕೇಳಿದಿಲ್ಲ?’ ಅನ್ನೋ ಹಾಗೆ ನಕ್ಕರು. ನನಗೆ ನಗು ಬರಲಿಲ್ಲ. ಆವತ್ತಿನಿಂದ ಶಾಲೆಯಲ್ಲಿ ಹಾಜರಿ ಕರೆಯುವಾಗಲೂ ಈ ಎರಡು ಮಾತು ಒಂದರ ಹಿಂದೊಂದು ಬಂದು ನಿಲ್ಲುತ್ತಿವೆ.

ಗಾಡಿ ಆಲ್ಟೊ. ಕಾಗದದ ಮೇಲೆ ಕಾಕಾನದು, ಬೆಳಗಾವಿಯಿಂದ ಬೈಲಹೊಂಗಲದ ಕಡೆ ದಿನಾ ಓಡಿಸುವವಳು ನಾನು. ಮೂರನೇ ಗೇರು ಹಾಕಿ ಕೈ ಬಿಟ್ಟರೆ ತಾನೇ ನ್ಯೂಟ್ರಲ್ಲಿಗೆ ಜಿಗಿಯುತ್ತದೆ. ಏರು ಬಂದರೆ ಎಡಗೈ ಗೇರಿನ ಮೇಲೆ, ಬಲಗೈ ಸ್ಟೇರಿಂಗಿನ ಮೇಲೆ. ಜೊತೆಗೆ ನಿಂತಲ್ಲೇ ಒಂದು ಗುಂಯ್ ಸದ್ದು, ಕ್ಲಚ್ ಒತ್ತಿದರೆ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರು. ಅದನ್ನು ಕೇಳಿಯೇ ಮಿಸ್ತ್ರಿ ಇನ್‌ಪುಟ್ ಶಾಫ್ಟಿನ, ಅಂದರೆ ಎಂಜಿನ್ನಿನ ತಿರುಗು ಬಾಕ್ಸಿನೊಳಗೆ ತರುವ ದಂಡದ, ಬೇರಿಂಗ್ ಹೋಗಿದೆ ಅಂದಿದ್ದರು. ಒಳಗಿನ ಗೇರು, ಹಬ್ಬು, ಬೇರಿಂಗು ಒಂದೊಂದೇ ಕೊಂಡು ಕೂಡಿಸುವುದಕ್ಕಿಂತ ಹಳೇ ಗಾಡಿಯಿಂದ ಬಿಚ್ಚಿದ ಒಳ್ಳೇ ಬಾಕ್ಸ್ ಹಾಕುವುದು ಅಗ್ಗ ಎಂದು ತೀರ್ಮಾನವಾಯಿತು.

ಆದರೆ ಗಾಡಿ ಬಿಟ್ಟು ಹೋಗುತ್ತೇನೆ ಅಂದರೆ ಮಿಸ್ತ್ರಿ ಒಪ್ಪಲಿಲ್ಲ. “ಸಾಮಾನ ಮೊದಲ ಬರಲಿ ಅಕ್ಕೋರ, ಗಾಡಿ ಆಮ್ಯಾಲ.” ಸರಕಾರಿ ಬಸ್ಸಿನ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಲ್ಲಿ ಬಾಕ್ಸ್ ಕೆಟ್ಟರೆ ಬಸ್ಸು ರಿಪೇರಿಗೆ ಕಾಯುತ್ತ ಕೂರುವುದಿಲ್ಲ. ರೆಡಿ ಮಾಡಿಟ್ಟ ಇನ್ನೊಂದನ್ನು ಏರಿಸಿ ರೂಟಿಗೆ ಬಿಡುತ್ತಾರೆ, ಕೆಟ್ಟದ್ದನ್ನು ಆಮೇಲೆ ಬಿಚ್ಚುತ್ತಾರೆ. ಆ ರೂಢಿ ಕೈಬಿಟ್ಟಿಲ್ಲ. ನಮ್ಮೂರಿನ ಎಷ್ಟೋ ಗ್ಯಾರೇಜುಗಳಲ್ಲಿ ನೋಡಿ, ಮೂಗು ಬಿಚ್ಚಿದ ಗಾಡಿ ಮಳೆಯಲ್ಲಿ ನೆನೆಯುತ್ತ ನಿಂತಿರುತ್ತದೆ. ಕೇಳಿದರೆ “ಸೀಲ್ ಸಿಗವಲ್ದು” ಅಂತಾರೆ. ಬಿಚ್ಚುವ ಮುಂಚೆ ಅದು ಗೊತ್ತಿರಲಿಲ್ಲವೇ?

ಆಟೋನಗರದಲ್ಲಿ ಅವರು ಬಾಕ್ಸ್ ಆರಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಅಂಗಡಿಯವ ಮೊದಲು ತೋರಿಸಿದ್ದು ಡೀಸೆಲ್ಲಿನಲ್ಲಿ ತೊಳೆದು ಫಳಫಳ ಮಾಡಿಟ್ಟದ್ದು. ಮಿಸ್ತ್ರಿ ಅದರ ಹೊರಮೈ ನೋಡಲೇ ಇಲ್ಲ. ಇನ್‌ಪುಟ್ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲುಗಿಸಿದರು, ಒಂದೊಂದೇ ಗೇರಿಗೆ ಹಾಕಿ ಕಣ್ಣು ಮುಚ್ಚಿ ತಿರುವಿದರು. ಆಮೇಲೆ ಕೆಳಗಿನ ಪ್ಲಗ್ಗು ಬಿಚ್ಚಿ ಉಳಿದ ಎಣ್ಣೆ ಅಂಗೈಗೆ ಇಳಿಸಿಕೊಂಡು ಬಿಸಿಲಿಗೆ ಹಿಡಿದರು. ಎಣ್ಣೆಯಲ್ಲಿ ಹಳದಿ ಮಿಣುಕು ತುಂಬಿತ್ತು. “ಹಿತ್ತಾಳಿ ಬರಾಕತ್ತೈತಿ. ಸಿಂಕ್ರೊ ರಿಂಗ್ ತಿಂದೈತಿ. ಬ್ಯಾಡ.” ಗೇರು ಕರಕರ ಅನ್ನದೆ ಕೂಡುವಂತೆ ಮಾಡುವ ಹಿತ್ತಾಳೆ ಬಳೆ ಅದು. ಪ್ಲಗ್ಗಿನ ಆಯಸ್ಕಾಂತಕ್ಕೆ ನುಣ್ಣನೆ ಕಪ್ಪು ರಾಡಿ ಅಂಟಿದ್ದರೆ ಚಿಂತೆಯಿಲ್ಲವಂತೆ, ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲು ಮುರಿದಿದೆ ಅಂತ ಲೆಕ್ಕ. ಕೊನೆಗೆ ಕೊಂಡದ್ದು ಮೂಲೆಯಲ್ಲಿ ಮಣ್ಣು ಮೆತ್ತಿಕೊಂಡು ಬಿದ್ದಿದ್ದ ಬಾಕ್ಸು. ಹಿಂದಿನಿಂದ ಗುದ್ದಿಸಿಕೊಂಡ ಗಾಡಿಯದು, ಹಾಗಾಗಿ ಮುಂದಿನ ಭಾಗಕ್ಕೆ ಪೆಟ್ಟಿಲ್ಲ. ಅಂಗಡಿಯವನ ಮುಖ ನೋಡಬೇಕಿತ್ತು, ತೊಳೆದ ಶ್ರಮವೆಲ್ಲ ನೀರಪಾಲು.

ಕಾಕಾ ಬಂದಾಗ ಶೆಡ್ಡಿನ ನೆಲದಲ್ಲಿ ತಟ್ಟು ಹಾಸಿ, ಸಾಮಾನೆಲ್ಲ ಹಚ್ಚುವ ಕ್ರಮದಲ್ಲೇ ಜೋಡಿಸಿದ್ದರು. ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು. ಡ್ರೈವ್ ಶಾಫ್ಟಿನ ಎರಡು ಸೀಲು, ಹೊಸ ಸರ್‌ಕ್ಲಿಪ್ಪು, ಹೊಸ ಹಬ್ ನಟ್ಟು. ಹಳೇ ನಟ್ಟಿನ ಅಂಚನ್ನು ಚಾಣದಿಂದ ಬಡಿದು ಲಾಕ್ ಮಾಡಿರುತ್ತಾರೆ, ಬಿಚ್ಚಿದ ಮೇಲೆ ಅದನ್ನು ನಂಬುವಂತಿಲ್ಲ. ಆ ನಟ್ಟಿಗೆ ಬೇಕಾದ ದೊಡ್ಡ ಗೋಟಿ (ಸಾಕೆಟ್), ಅದನ್ನು ತಿರುವುವ ಟಾಮಿ ಸಲಾಕೆಗೆ ಸಿಗಿಸಲು ಉದ್ದನೆ ಪೈಪು. ಗೇರ್ ಆಯಿಲ್ಲಿನ ಡಬ್ಬಿ ಜಿಎಲ್-4 ದರ್ಜೆಯದು. ಕೌಂಟರಿನ ಹುಡುಗ ಜಿಎಲ್-5 ಕೊಟ್ಟು “ಇದು ಇನ್ನೂ ಭಾರೀ ಐತ್ರಿ” ಅಂದಿದ್ದ. ಅದರಲ್ಲಿರುವ ಗಂಧಕದ ಮಸಾಲೆ ಹಿತ್ತಾಳೆ ರಿಂಗುಗಳಿಗೆ ಒಗ್ಗುವುದಿಲ್ಲವೆಂದು ಮಿಸ್ತ್ರಿ ಅದನ್ನು ವಾಪಸು ಕಳಿಸಿದ್ದರು.

ನನ್ನ ಕಣ್ಣು ನಿಂತದ್ದು ಎರಡು ವಸ್ತುಗಳ ಮೇಲೆ. ಒಂದು, ರಟ್ಟಿನ ತುಂಡು. ಅದರ ಮೇಲೆ ಪೆನ್ನಿನಿಂದ ಗೇರ್ ಬಾಕ್ಸಿನ ಮುಖ ಬರೆದು, ಬೋಲ್ಟು ಬರುವ ಕಡೆ ತೂತು ಹಾಕಿದ್ದರು. ಬಿಚ್ಚಿದ ಬೋಲ್ಟು ಅದೇ ತೂತಿಗೆ. ಯಾಕೆಂದರೆ ಎಲ್ಲವೂ ಒಂದೇ ಉದ್ದ ಇರುವುದಿಲ್ಲ, ಗಿಡ್ಡನೆಯ ಜಾಗಕ್ಕೆ ಉದ್ದನೆಯದು ಹೋದರೆ ಅಲ್ಯುಮಿನಿಯಂ ಸೀಳುತ್ತದೆ. ಇನ್ನೊಂದು, ಯಾವುದೋ ಸತ್ತ ಬಾಕ್ಸಿನಿಂದ ಕತ್ತರಿಸಿದ ಇನ್‌ಪುಟ್ ಶಾಫ್ಟು, ಹಿಂದೆ ಕಟ್ಟಿಗೆಯ ಹಿಡಿ. ಕ್ಲಚ್ ಪ್ಲೇಟನ್ನು ನಟ್ಟನಡುವೆ ಕೂಡಿಸುವುದಕ್ಕೆ. ಅದು ಕೂದಲೆಳೆ ಸರಿದರೂ 30 ಕೆಜಿ ಆಸುಪಾಸಿನ ಬಾಕ್ಸನ್ನು ಎತ್ತಿ ಹಿಡಿದವನ ಸೊಂಟ ಬಿದ್ದುಹೋಗುತ್ತದೆ, ಶಾಫ್ಟು ಮಾತ್ರ ಒಳಗೆ ಹೋಗುವುದಿಲ್ಲ. ಆ ಹಿಡಿ ವರ್ಷಗಟ್ಟಲೆ ಬೆವರು ಕುಡಿದು ಕಪ್ಪಗಾಗಿತ್ತು.

ಕಾಕಾ ಇದಾವುದನ್ನೂ ನೋಡಲಿಲ್ಲ. ಅವರ ಕಣ್ಣು ಹೋದದ್ದು ಒಂದು ಸೀಲಿನ ಚೀಟಿಗೆ. “ಇದು ಎಂಜಿನ್ ಸೀಲ್ ಅಂತ ಬರದೈತಲ್ಲೋ. ಕೆಟ್ಟದ್ದು ಗೇರ್ ಬಾಕ್ಸ.” ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂದಿನ ಸೀಲು ಅದು, ಕ್ಲಚ್ ಕೂಡುವ ಫ್ಲೈವ್ಹೀಲ್ ಚಕ್ರದ ಬೆನ್ನಿಗೆ ಇರುತ್ತದೆ. ಬಾಕ್ಸ್ ಇಳಿಸಿದಾಗ ಬಿಟ್ಟರೆ ಅಲ್ಲಿಗೆ ಕೈ ಹೋಗುವುದಿಲ್ಲ. ನಾಳೆ ಅದು ಸೋರಿ ಹೊಸ ಕ್ಲಚ್ ಪ್ಲೇಟಿಗೆ ಎಣ್ಣೆ ಬಿತ್ತೋ, ಇದೇ ಬಾಕ್ಸನ್ನು ಮತ್ತೆ ಇಳಿಸಬೇಕು. ಫ್ಲೈವ್ಹೀಲ್ ಸುಟ್ಟು ನೀಲಿ ಕಲೆ ಬಿದ್ದಿದ್ದರೆ ಉಜ್ಜಿಸಲು ಉದ್ಯಮಬಾಗದ ಲೇಥ್ ಕೆಲಸದವನಿಗೂ ಹೇಳಿಟ್ಟಿದ್ದರು. ಐತವಾರವಾದರೂ ಅವನು ಶಟರ್ ಎತ್ತುತ್ತಾನಂತೆ. ಇಷ್ಟೆಲ್ಲ ಓಡಾಟಕ್ಕೆ ಮಿಸ್ತ್ರಿ ಕೇಳಿದ್ದು 1000 ರೂಪಾಯಿ.

“ಪಾನಾ ಇನ್ನಾ ಕೈಯಾಗ ಹಿಡದಿಲ್ಲ.”

ಅಕ್ಷರಶಃ ತಗೊಂಡರೂ ಅದು ಸುಳ್ಳು. ತಂದ ಬಾಕ್ಸಿನ ಎಣ್ಣೆ ಹಾಕುವ ಪ್ಲಗ್ಗು ಬಿಚ್ಚುತ್ತದೋ ಇಲ್ಲವೋ ಎಂದು ಕಾಕಾ ಬರುವ ಮುಂಚೆಯೇ ಪಾನಾ ಹಚ್ಚಿ ನೋಡಿದ್ದರು. ಬಾಕ್ಸ್ ಏರಿಸಿದ ಮೇಲೆ ಅದು ಜಾಮ್ ಆಗಿದ್ದು ಗೊತ್ತಾದರೆ ಎಣ್ಣೆ ಹಾಕುವುದೆಲ್ಲಿಂದ?

ಕಾಕಾ ಕೆಟ್ಟವರಲ್ಲ. ನನ್ನ ಡಿ.ಎಡ್ ಫೀ ಕಟ್ಟಿದವರು. ಆದರೆ ನಲವತ್ತು ವರ್ಷ ಕಿರಾಣಿ ಅಂಗಡಿಯಲ್ಲಿ ಕೂತವರಿಗೆ ತಕ್ಕಡಿಯಲ್ಲಿ ಬೀಳದ್ದು ಮಾಲಲ್ಲ. ಅಂಗಡಿ ತೆರೆಯುವ ಮುಂಚೆ ಎಪಿಎಂಸಿಗೆ ಹೋಗಿ ಬೇಳೆ ಬಾಯಿಗೆ ಹಾಕಿ ನೋಡಿ ತರುತ್ತಾರಲ್ಲ, ಅದರ ಕೂಲಿ ದರದಲ್ಲಿ ಸೇರಿಯೇ ಇರುತ್ತದೆ. ಮಿಸ್ತ್ರಿಗೆ ಆ ಸೌಲಭ್ಯವಿಲ್ಲ. ಊರಿನ ದರ ಇರುವುದು ಬಾಕ್ಸ್ ಇಳಿಸಿ ಏರಿಸಿದ್ದಕ್ಕೆ. ಹಾಗಾಗಿ ಹಳೇ ಸೀಲನ್ನೇ ಒರೆಸಿ ಹಾಕುವವನ ಹತ್ತಿರ ಅದೇ ಗಾಡಿ ಆರು ತಿಂಗಳಿಗೆ ಮತ್ತೆ ಬರುತ್ತದೆ, ಅವನು ಇನ್ನೊಮ್ಮೆ ಇಳಿಸಿ ಇನ್ನೊಮ್ಮೆ ಮಜೂರಿ ಎಣಿಸುತ್ತಾನೆ. ಎಲ್ಲ ಒಂದೇ ಸಲಕ್ಕೆ ಮುಗಿಸುವ ನಮ್ಮ ಮಿಸ್ತ್ರಿ ಲುಕ್ಸಾನಿನಲ್ಲಿ. ನಮ್ಮ ದರವೇ ಅವರಿಗೆ ಸೋಮಾರಿಯಾಗು ಅಂತ ಕಲಿಸುತ್ತಿದೆ, ಮೇಲಿಂದ ಮಿಸ್ತ್ರಿಗಳೆಲ್ಲ ಕಳ್ಳರು ಅನ್ನುವವರೂ ನಾವೇ.

ಅವ್ವ ಜೋಳ ಕೇರಿ ಹಸನು ಮಾಡಿ ಗಿರಣಿಗೆ ಕಳಿಸುವುದು ನಮ್ಮ ಮನೆಯಲ್ಲಿ ಯಾರಿಗೂ ಕಂಡಿಲ್ಲ, ರೊಟ್ಟಿ ಬಡಿಯುವ ಸಪ್ಪಳವಷ್ಟೇ ಕೇಳಿದ್ದು. ಇದನ್ನು ಕಾಕಾನಿಗೆ ಹೇಳಿದೆ. “ಅಕೀಗೇನ ನಾವು ರೊಕ್ಕಾ ಕೊಡತೇವೇನ?” ಅಂದರು. ಎಲ್ಲಿಂದ ಎಲ್ಲಿಗೆ ಹೋಗಲಿ ನಾನು. ಪಾಠದ ತಯಾರಿ ಮಾಡಿದರೂ ಬಿಟ್ಟರೂ ನನಗೆ ತಿಂಗಳಿಗೆ ಸರಿಯಾಗಿ ಪಗಾರ ಬರುತ್ತದೆ, ಆ ಲೆಕ್ಕದಲ್ಲಿ ನಾನು ಮಿಸ್ತ್ರಿಗಿಂತ ಸುಖಿ. 1000 ರೂಪಾಯಿ ನಾನೇ ಕೊಟ್ಟೆ, ಕಾಕಾನ ಎದುರಿಗೇ.

ಇವತ್ತು ಮಧ್ಯಾಹ್ನ ಮಿಸ್ತ್ರಿ ಫೋನ್ ಮಾಡಿದ್ದರು. “ಅಕ್ಕೋರ, ಐತವಾರ ಮುಂಜಾನೆ ಏಳಕ್ಕ ಗಾಡಿ ತಂದ ಬಿಡ್ರಿ. ಕಾಕಾರಿಗೆ ಮಾತ್ರ ಸಂಜಿಮುಂದ ಬರಾಕ ಹೇಳ್ರಿ.” ಕಾಕಾ ಆಗಲೇ ಅಂಗಡಿಗೆ ಹುಡುಗನನ್ನು ಗೊತ್ತು ಮಾಡಿ, ಅಟ್ಟದ ಮೇಲಿನ ಮಡಚುವ ಖುರ್ಚಿ ಕೆಳಗಿಳಿಸಿ ಒರೆಸಿಟ್ಟಿದ್ದಾರೆ. ಗೋಕಾಕದಲ್ಲಿ ಐತವಾರ ಒಂದು ಕುಬಸ (ಸೀಮಂತ) ಇದೆ, ಮನೆಯವರು ಯಾರಾದರೂ ಹೋಗಿಬರಬೇಕಲ್ಲ ಎಂದು ಅವ್ವ ಸಂಜೆ ಅವರ ಕಿವಿಗೆ ಹಾಕಿ ನೋಡಿದಳು.

“ಗಾಡಿ ಮಿಸ್ತ್ರಿ ಕಡೆ ಇರತೈತಿ. ಹೆಂಗ ಹೋಗೂದು?” ಅಂದರಂತೆ.