ಬೆಂದ ರೊಟ್ಟಿಯ ತೂಕ, ಹಸಿ ಹಿಟ್ಟಿನ ಲೆಕ್ಕ: ಪುಣೆಯ ಆಹಾರ ಪಟ್ಟಿ, ಆರನೇ ವಾರದವರೆಗೆ

ಪುಣೆಯ ವಾರ್ಡುಗಳಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಕೆಲಸಕ್ಕೆ ಬಂದವರು ಸದಾ ಇರುತ್ತಾರೆ. ನಿನ್ನೆ ಏನು ಉಂಡಿರಿ ಎಂದು ಕೇಳಿದರೆ "ಎರಡು ರೊಟ್ಟಿ, ಒಂದು ವಾಟಿ (ಬಟ್ಟಲು) ಬ್ಯಾಳಿ" ಎನ್ನುತ್ತಾರೆ. ನರ್ಸಿಂಗ್ ಮೊದಲ ವರ್ಷದ ಪಠ್ಯದಲ್ಲಿ ಇರುವುದು 100 ಗ್ರಾಂ ಹಸಿ ಜೋಳ, 100 ಗ್ರಾಂ ಹಸಿ ತೊಗರಿಬೇಳೆ. ಈ ಎರಡು ಮಾತನ್ನು ಜೋಡಿಸುವ ಒಂದು ಪುಟದ ಪಟ್ಟಿಯನ್ನು ಇಲ್ಲಿನ ಕನ್ನಡ ವಿದ್ಯಾರ್ಥಿಗಳಿಗಾಗಿ ಮಾಡುತ್ತಿದ್ದೇವೆ. ಹಸಿ ಪದಾರ್ಥದ ಅಂಕಿಗಳಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಸಂಯೋಜನೆ ಕೋಷ್ಟಕ ಆಧಾರ. ಅದರಲ್ಲಿ 528 ಆಹಾರಗಳಿವೆ. ದಿನದ ಅಗತ್ಯಕ್ಕೆ ಅದೇ ಸಂಸ್ಥೆಯ 2020ರ ಶಿಫಾರಸು.

ಒಂದನೇ ವಾರ: ಕಾಟಾ, ವಾಟಿ, ಚಮಚ

ಸಾಮಾನು ಇಷ್ಟೇ: 5 ಕಿಲೋವರೆಗೆ 1 ಗ್ರಾಂ ನಿಖರವಾಗಿ ತೋರಿಸುವ ಅಡುಗೆ ಕಾಟಾ, ಉಪ್ಪಿಗೆ 0.1 ಗ್ರಾಂ ತೋರಿಸುವ ಸಣ್ಣ ಕಾಟಾ, 250 ಮಿ.ಲೀ. ಅಳತೆ ಜಾಡಿ, 5 ಮತ್ತು 15 ಮಿ.ಲೀ. ಚಮಚ, ಇಲ್ಲಿನ ತುಳಶಿಬಾಗ್ ಪೇಟೆಯಿಂದ ತಂದ ಮೂರು ಅಳತೆಯ ಸ್ಟೀಲ್ ವಾಟಿ. ಕಾಟಾ ಸರಿಯಿದೆಯೇ ಎಂದು ನೋಡಲು ನೀರೇ ಸಾಕು. ಖಾಲಿ ಜಾಡಿ ಇಟ್ಟು ಸೊನ್ನೆ ಮಾಡಿ, 200 ಮಿ.ಲೀ. ನೀರು ಹಾಕಿದರೆ 200 ಗ್ರಾಂ ಬರಬೇಕು. ಜಾಡಿಯ ನೀರು ನಡುವೆ ತಗ್ಗಾಗಿ ನಿಲ್ಲುತ್ತದೆ. ಕಣ್ಣನ್ನು ಅದೇ ಮಟ್ಟಕ್ಕೆ ತಂದು ಆ ತಗ್ಗಿನ ಅಂಕಿ ಓದಬೇಕು. ಮೇಲಿನಿಂದ ಬಗ್ಗಿ ನೋಡಿದರೆ ಪ್ರತಿ ಸಲವೂ ತಪ್ಪಾಗುತ್ತದೆ.

ವಾಟಿಯನ್ನು ಅಂಚಿನವರೆಗೆ ತುಂಬಿ ಅಳೆಯುವುದರಲ್ಲಿ ಅರ್ಥವಿಲ್ಲ, ಯಾರೂ ಹಾಗೆ ಬಡಿಸುವುದಿಲ್ಲ. ಅಂಚಿನವರೆಗೆ 180 ಮಿ.ಲೀ. ಹಿಡಿಯುವ ವಾಟಿಯಲ್ಲಿ ಬಡಿಸಿದಾಗ ಇರುವುದು 150. ಬಡಿಸುವ ಮಟ್ಟಕ್ಕೆ ಒಳಗಡೆ ಗೆರೆ ಕೊರೆದು, ಅದನ್ನೇ ಪಟ್ಟಿಯ "ಒಂದು ವಾಟಿ" ಎಂದು ಇಟ್ಟುಕೊಂಡಿದ್ದೇವೆ.

ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರ. ಎಣ್ಣೆ ನೀರಿಗಿಂತ ಹಗುರ, 5 ಮಿ.ಲೀ. ಎಂದರೆ ಸುಮಾರು 4.5 ಗ್ರಾಂ. ಕೊಬ್ಬಿನ ಪ್ರತಿ ಗ್ರಾಮಿಗೆ 9 ಕ್ಯಾಲರಿಯಂತೆ ಒಂದು ಚಮಚಕ್ಕೆ ಸುಮಾರು 40. ಪಿಷ್ಟ, ಪ್ರೋಟೀನುಗಳಿಗೆ ಗ್ರಾಮಿಗೆ 4.

ಎರಡನೇ ವಾರ: ರೊಟ್ಟಿ

ಪೂರ್ತಿ ವಾರ ಇದಕ್ಕೇ ಹೋಯಿತು, ಹೋಗಲೇಬೇಕಿತ್ತು. ಸೊಲ್ಲಾಪುರ ಭಾಗದ ಮಾಲದಂಡಿ ಜೋಳ ಬೀಸಿಸಿ ತಂದದ್ದು. ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು, ಸುಮಾರು ಅಷ್ಟೇ ಬಿಸಿನೀರು. ಜೋಳದಲ್ಲಿ ಗೋಧಿಯ ಅಂಟು ಇಲ್ಲ. ಬಿಸಿನೀರಿಗೆ ಪಿಷ್ಟ ಅರೆಬೆಂದು ಅಂಟಿಕೊಳ್ಳುವುದರಿಂದಲೇ ರೊಟ್ಟಿ ತಟ್ಟಲು ಬರುತ್ತದೆ. ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿ ತೂಗಿದರೆ 88 ಗ್ರಾಂ.

ತಪ್ಪು ನಡೆಯುವುದು ಇಲ್ಲೇ. ಕೋಷ್ಟಕದಲ್ಲಿ 100 ಗ್ರಾಂ ಜೋಳಕ್ಕೆ ಸುಮಾರು 334 ಕ್ಯಾಲರಿ ಎಂದಿದೆ. 88 ಗ್ರಾಮಿಗೆ ಲೆಕ್ಕ ಹಾಕಿದರೆ 294 ಬರುತ್ತದೆ. ಆದರೆ ಅದರಲ್ಲಿ 28 ಗ್ರಾಂ ಸೇರಿಕೊಂಡ ನೀರು, ನೀರಿಗೆ ಕ್ಯಾಲರಿ ಇಲ್ಲ. ಸರಿಯಾದ ಲೆಕ್ಕ 60 ಗ್ರಾಂ ಹಿಟ್ಟಿನದು: 200 ಕ್ಯಾಲರಿ, 6 ಗ್ರಾಂ ಪ್ರೋಟೀನ್. ದಿನಕ್ಕೆ ನಾಲ್ಕು ರೊಟ್ಟಿ ಉಣ್ಣುವವರ ಹಾಳೆಯಲ್ಲಿ ಈ ಒಂದು ತಪ್ಪಿನಿಂದ 370ಕ್ಕೂ ಹೆಚ್ಚು ಕ್ಯಾಲರಿ ಇಲ್ಲದ್ದು ಇದ್ದಂತೆ ಕಾಣುತ್ತದೆ. ತೂಕ ಇಳಿಯುತ್ತಿರುವ ಕ್ಷಯರೋಗಿಯ ಹಾಳೆ ಅದಾಗಿದ್ದರೆ "ಊಟ ಸಾಕಷ್ಟಿದೆ" ಎಂದು ಬರೆದು ಮುಂದೆ ಹೋಗುವ ಅಪಾಯವಿದೆ.

ಊರಿನಿಂದ ಬಟ್ಟೆಯಲ್ಲಿ ಕಟ್ಟಿ ತರುವ ಖಡಕ್ ರೊಟ್ಟಿಯ ಕಥೆ ಬೇರೆ. 40 ಗ್ರಾಂ ಹಿಟ್ಟಿನ ರೊಟ್ಟಿ ಪೂರ್ತಿ ಒಣಗಿದ ಮೇಲೆ ಮತ್ತೆ 40ರ ಆಸುಪಾಸಿಗೇ ಬರುತ್ತದೆ. ಹಾಗಾಗಿ ಖಡಕ್ ರೊಟ್ಟಿಯ ತೂಕವನ್ನು ಹೆಚ್ಚುಕಡಿಮೆ ಹಿಟ್ಟಿನ ತೂಕವೆಂದೇ ಹಿಡಿಯಬಹುದು, ಬಿಸಿ ರೊಟ್ಟಿಯದನ್ನು ಹಿಡಿಯುವಂತಿಲ್ಲ. ಪಟ್ಟಿಯಲ್ಲಿ ಎರಡಕ್ಕೂ ಬೇರೆ ಸಾಲು. ಇನ್ನೊಂದು ಗಮನಿಸಿದ್ದು: ಹಿಟ್ಟು ಹಳತಾದರೆ ರೊಟ್ಟಿಯ ಅಂಚು ಬಿರಿಯುತ್ತದೆ, ತಟ್ಟುವವರು ನೀರು ಹೆಚ್ಚಿಸುತ್ತಾರೆ, ರೊಟ್ಟಿ ಭಾರವಾಗುತ್ತದೆ. ತೂಕ ಏರಿದರೂ ಹೊಟ್ಟೆಗೆ ಬೀಳುವ ಜೋಳ ಅಷ್ಟೇ.

ಮೂರನೇ ವಾರ: ಬೇಳೆ ಮತ್ತು ಕಟ್ಟು

ಬೇಳೆಗೆ ಪಾತ್ರೆಯ ಲೆಕ್ಕವೇ ಸರಿ. ಖಾಲಿ ಪಾತ್ರೆಯನ್ನು ಮೊದಲೇ ತೂಗಿ ಬರೆದಿಡಬೇಕು. ಇದನ್ನು ಮರೆತು ಕುಕ್ಕರಿನ ತೂಕವನ್ನೂ ಬೇಳೆಗೆ ಸೇರಿಸುವುದು ಎಲ್ಲರೂ ಮಾಡುವ ಮೊದಲ ತಪ್ಪು. ಆಮೇಲೆ ಒಟ್ಟು ಹಸಿ ಬೇಳೆಯನ್ನು ವಾಟಿಯಲ್ಲಿ ಬಿದ್ದ ತೂಕದಿಂದ ಗುಣಿಸಿ, ಒಟ್ಟು ಬೆಂದ ತೂಕದಿಂದ ಭಾಗಿಸಿದರೆ ಒಂದು ವಾಟಿಯಲ್ಲಿರುವ ಹಸಿ ಬೇಳೆ ಸಿಗುತ್ತದೆ. 200 ಗ್ರಾಂ ತೊಗರಿಬೇಳೆ ನೀರು ಸೇರಿ 1000 ಗ್ರಾಂ ಆದರೆ, 150 ಗ್ರಾಮಿನ ವಾಟಿಯಲ್ಲಿ 30 ಗ್ರಾಂ ಬೇಳೆ, 6.5 ಗ್ರಾಂ ಪ್ರೋಟೀನ್. ಅದೇ ಬೇಳೆಯನ್ನು 1600ಕ್ಕೆ ತೆಳ್ಳಗೆ ಮಾಡಿದರೆ ವಾಟಿಗೆ 19 ಗ್ರಾಂ ಬೇಳೆ, 4 ಗ್ರಾಂ ಪ್ರೋಟೀನ್.

ಕಟ್ಟಿನ, ಅಂದರೆ ಬೆಂದ ಬೇಳೆಯ ಮೇಲೆ ನಿಲ್ಲುವ ತಿಳಿನೀರಿನ, ಪರೀಕ್ಷೆ ಕಣ್ಣು ತೆರೆಸುವಂಥದ್ದು. ತೆಳ್ಳಗಿನ ಬೇಳೆಯನ್ನು ಉಪ್ಪು ಹಾಕುವ ಮೊದಲು ಅರ್ಧ ಗಂಟೆ ಅಲುಗಿಸದೆ ಬಿಟ್ಟೆವು. ಮೇಲಿನ ತಿಳಿಯಿಂದ 150 ಗ್ರಾಂ, ತಳದಿಂದ 150 ಗ್ರಾಂ ತೆಗೆದು ಬೇರೆ ಬೇರೆ ತಟ್ಟೆಯಲ್ಲಿ ಸಣ್ಣ ಉರಿಗೆ ನೀರು ಪೂರ್ತಿ ಆರಿಸಿ, ಉಳಿದದ್ದನ್ನು ತೂಗಿದೆವು. ತಿಳಿಯ ತಟ್ಟೆಯಲ್ಲಿ ಹಳದಿ ಪೊರೆಯಂತೆ ಅಂಟಿದ್ದು 5 ಗ್ರಾಂ ಕೂಡ ಆಗಲಿಲ್ಲ. ತಳದ್ದು 25 ದಾಟಿತು. ಬಾಣಂತಿಗೆ, ಜ್ವರದಿಂದ ಎದ್ದವರಿಗೆ ಶಕ್ತಿ ಬರಲಿ ಎಂದು ಪ್ರೀತಿಯಿಂದ ಕೊಡುವುದು ಆ ತಿಳಿಯನ್ನೇ. ಬಾಯಿಗೆ ರುಚಿ, ಮೈಗೆ ನೀರು ಸಿಗುತ್ತದೆ, ಅದು ಒಳ್ಳೆಯದೇ. ಪ್ರೋಟೀನ್ ಮಾತ್ರ ಪಾತ್ರೆಯ ತಳದಲ್ಲಿ ಉಳಿಯುತ್ತದೆ. ಸೌಟು ತಳದವರೆಗೆ ಆಡಿಸಿ ಬಡಿಸಿ, ಇಲ್ಲವೇ ಬೇಳೆಯನ್ನು ಕಡೆದು ಕೊಡಿ ಎನ್ನುವುದೇ ಮನೆಯವರಿಗೆ ಹೇಳಬೇಕಾದ ಮಾತು.

55 ಕಿಲೋ ತೂಕದ ಹೆಂಗಸಿಗೆ ಕಿಲೋಗೆ 0.83 ಗ್ರಾಮಿನಂತೆ ದಿನಕ್ಕೆ 46 ಗ್ರಾಂ ಪ್ರೋಟೀನ್ ಬೇಕು. ನಾಲ್ಕು ರೊಟ್ಟಿ 24, ಎರಡು ವಾಟಿ ತೆಳ್ಳನೆಯ ಬೇಳೆ 8, ಸೇರಿ 32. ಒಂದು ಲೋಟ ಹಾಲು, ಒಂದು ಮೊಟ್ಟೆ ಸೇರಿದರೆ 45ರ ಹತ್ತಿರ. ಬರೀ ರೊಟ್ಟಿ ಹೆಚ್ಚಿಸಿದರೆ ಆಗದು, ಏಕೆಂದರೆ ಜೋಳದ ಪ್ರೋಟೀನಿನಲ್ಲಿ ದೇಹಕ್ಕೆ ಬೇಕೇಬೇಕಾದ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ; ಬೇಳೆಯಲ್ಲಿ ಅದು ಧಾರಾಳ.

ನಾಲ್ಕನೇ ವಾರ: ಕಬ್ಬಿಣ

ಹೆಂಗಸರಿಗೆ ದಿನಕ್ಕೆ 29 ಮಿ.ಗ್ರಾಂ, ಗಂಡಸರಿಗೆ 19. ಪುಂಡಿಪಲ್ಲೆ, ಮೆಂತ್ಯೆ, ರಾಜಗಿರಿ ಸೊಪ್ಪಿನ ಸಾಲುಗಳು ತುಂಬಿದವು. ಇಲ್ಲಿನ ಮಂಡಿಯಲ್ಲಿ ಪುಂಡಿಗೆ ಅಂಬಾಡಿ ಎನ್ನುತ್ತಾರೆ, ಆ ಹೆಸರನ್ನೂ ಪಕ್ಕದಲ್ಲಿ ಬರೆದಿದ್ದೇವೆ. ಸೊಪ್ಪನ್ನು ಮೂರು ನೀರಿನಲ್ಲಿ ತೊಳೆದು, ಸೋಸಿ, ಒರೆಸಿ ತೂಗಬೇಕು. ಒದ್ದೆ ಸೊಪ್ಪು ನೀರಿನ ಭಾರ ಹೊತ್ತಿರುತ್ತದೆ.

ಊಟದ ಜೊತೆಗೆ ಚಹಾ ಕುಡಿದರೆ ಅದರ ಟ್ಯಾನಿನ್ ಎಂಬ ಒಗರಿನ ಅಂಶ ಕಬ್ಬಿಣವನ್ನು ಹಿಡಿದಿಡುತ್ತದೆ. ಒಂದು ಗಂಟೆ ಅಂತರ ಬೇಕು. ನಿಂಬೆ ಹಿಂಡಿದರೆ ಹೀರಿಕೆ ಹೆಚ್ಚುತ್ತದೆ. ಗರ್ಭಿಣಿಯರ ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಯ ನಡುವೆ ಕನಿಷ್ಠ ಎರಡು ಗಂಟೆ ಇರಲಿ. ಮಾತ್ರೆ ನುಂಗಿದಾಗ ಮಲ ಕಪ್ಪಾಗುತ್ತದೆ ಎಂದು ಮೊದಲೇ ಹೇಳಬೇಕು. ಹೇಳದೆ ಬಿಟ್ಟರೆ ಹೆದರಿ ಮಾತ್ರೆ ನಿಲ್ಲಿಸುತ್ತಾರೆ.

ಐದನೇ ವಾರ: ಕೇಳುವ ಬಗೆ

ಪಟ್ಟಿ ಎಷ್ಟೇ ಸರಿಯಿದ್ದರೂ ಪ್ರಶ್ನೆ ತಪ್ಪಿದರೆ ವ್ಯರ್ಥ. "ನಾಷ್ಟಾ ಏನು ಮಾಡಿದಿರಿ?" ಎಂದರೆ ಬರುವ ಉತ್ತರ "ಏನಿಲ್ರಿ, ಬರೇ ಚಾ." ನಾಷ್ಟಾ ಎಂಬ ಪದವೇ ಉತ್ತರವನ್ನು ಕಿರಿದು ಮಾಡುತ್ತದೆ. ಈಗ ಹೀಗೆ ಕೇಳಿಸುತ್ತಿದ್ದೇವೆ: "ಅವ್ವಾರ, ನಿನ್ನಿ ಮುಂಜಾನಿ ಎದ್ದ ಮ್ಯಾಲೆ ಮೊದಲ ಬಾಯಾಗ ಏನ್ ಹಾಕ್ಕೊಂಡ್ರಿ? ಅದರ ಮ್ಯಾಲೆ?" ನಿದ್ದೆಗೆ ಹೋಗುವವರೆಗೆ ಹೀಗೇ ಸಾಗಬೇಕು, ನಡುವೆ ತಡೆಯಬಾರದು. ಪೂರ್ತಿ ಹೇಳಿ ಮುಗಿಸಿದ ಮೇಲೆ ಎರಡನೇ ಸುತ್ತಿನಲ್ಲಿ ಚಹಾ, ಚಟ್ನಿಪುಡಿ, ಎಣ್ಣೆ, ಬಿಸ್ಕೀಟು, ಎಲೆಅಡಿಕೆ. ಮೂರನೇ ಸುತ್ತಿನಲ್ಲಿ ವಾಟಿ ತೋರಿಸಿ ಅಳತೆ.

ಆ "ಬರೇ ಚಾ" ಎಷ್ಟು? ಸಮತಟ್ಟಾದ ಒಂದು ಚಮಚ ಸಕ್ಕರೆ ಸುಮಾರು 4 ಗ್ರಾಂ. ಎರಡು ಚಮಚದಂತೆ ನಾಲ್ಕು ಕಪ್ಪಿಗೆ 32 ಗ್ರಾಂ, 128 ಕ್ಯಾಲರಿ. ಚಮಚ ಗೋಪುರದಂತೆ ತುಂಬಿದ್ದರೆ ಇನ್ನೂ ಹೆಚ್ಚು, ಹಾಲಿನದು ಬೇರೆ.

"ಉಪವಾಸ" ಎಂದ ಕೂಡಲೇ ಸೊನ್ನೆ ಬರೆಯಬಾರದು. ಪುಣೆಯಲ್ಲಿ ಉಪವಾಸವೆಂದರೆ ಬಹಳ ಮನೆಗಳಲ್ಲಿ ಸಾಬುದಾಣಿ ಖಿಚಡಿ. ಸಾಬುದಾಣಿ ಹೆಚ್ಚುಕಡಿಮೆ ಬರೀ ಪಿಷ್ಟ; ಪ್ರೋಟೀನ್ ಬರುವುದು ಶೇಂಗಾ ಪುಡಿಯಿಂದ ಮಾತ್ರ. ಸಕ್ಕರೆ ಕಾಯಿಲೆಯವರಲ್ಲಿ ಇದನ್ನು ಬಿಡಿಸಿ ಕೇಳಲೇಬೇಕು.

ಆರನೇ ವಾರ: ಉಪ್ಪು

ವೈದ್ಯರು ಬರೆಯುವುದು "2 ಗ್ರಾಂ ಸೋಡಿಯಂ". ಮನೆಯವರ ಕಿವಿಗೆ ಬೀಳುವುದು "2 ಗ್ರಾಂ ಉಪ್ಪು". ಉಪ್ಪಿನಲ್ಲಿ ಸೋಡಿಯಂ ಸುಮಾರು 40 ಶೇಕಡ, ಆದ್ದರಿಂದ 2 ಗ್ರಾಂ ಸೋಡಿಯಂ ಎಂದರೆ 5 ಗ್ರಾಂ ಉಪ್ಪು, ಹೆಚ್ಚುಕಡಿಮೆ ಒಂದು ಸಮತಟ್ಟು ಚಮಚ. ದಿನದ ಉಪ್ಪನ್ನು ಬೆಳಿಗ್ಗೆಯೇ ಚಿಕ್ಕ ಡಬ್ಬಿಗೆ ತೂಗಿ ಹಾಕಿಡುವುದು ಸುಲಭ. ಉಪ್ಪಿನಕಾಯಿ, ಹಪ್ಪಳ, ಗುರೆಳ್ಳು ಚಟ್ನಿಯ ಉಪ್ಪು ಡಬ್ಬಿಯ ಹೊರಗಿನದು, ಅದನ್ನೂ ಕಳೆಯಬೇಕು.

ಅಂಗಡಿಯ "ಕಡಿಮೆ ಸೋಡಿಯಂ" ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮೂತ್ರಪಿಂಡ ಸೋತವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತಕ್ಕೇ ಕುತ್ತು. ಈ ಸಾಲನ್ನು ಪಟ್ಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇವೆ.

ಏಳನೇ ವಾರಕ್ಕೆ ಉಳಿದದ್ದು

ಮೂಗಿನ ನಳಿಕೆಗೆ ಕೊಡುವ ರಾಗಿ ಗಂಜಿ. ಮಾಡಿದಾಗ ತೆಳ್ಳಗಿದ್ದು, ಆರುತ್ತಾ ಗಟ್ಟಿಯಾಗಿ ನಳಿಕೆ ಕಟ್ಟಿಕೊಳ್ಳುತ್ತದೆ. ನೀರು ಹೆಚ್ಚಿಸಿದರೆ ಕಟ್ಟುವುದಿಲ್ಲ, ಆದರೆ ಕ್ಯಾಲರಿ ಕುಸಿಯುತ್ತದೆ. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ ಬೀಸಿದರೆ ಅದರ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಗಂಜಿಯನ್ನು ತೆಳುವಾಗಿಸುತ್ತದೆ. ಸಾದಾ ಹಿಟ್ಟು, ಮೊಳಕೆ ಹಿಟ್ಟು ಎರಡನ್ನೂ 200 ಮಿ.ಲೀ. ನೀರಿಗೆ 20 ಗ್ರಾಮಿನಂತೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ಉಗುರುಬೆಚ್ಚಗಾದ ಮೇಲೆ 50 ಮಿ.ಲೀ. ಸಿರಿಂಜಿನಿಂದ 14 ಫ್ರೆಂಚ್ (ನಳಿಕೆಯ ದಪ್ಪದ ಅಳತೆ) ನಳಿಕೆಗೆ ಬಿಡುವುದು. ಒತ್ತದೆ, ತನ್ನ ಭಾರಕ್ಕೆ ತಾನೇ ಇಳಿಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ಹಿಡಿದು ಬರೆಯಬೇಕು. ಬಟ್ಟೆಯಲ್ಲಿ ಉಳಿದ ಗಷ್ಟನ್ನೂ ತೂಗಬೇಕು, ಅದು ರೋಗಿಯ ಹೊಟ್ಟೆಗೆ ಹೋಗದ ಭಾಗ. ಮೊಳಕೆಯ ರಾಗಿ ಈಗ ನೆರಳಿನಲ್ಲಿ ಒಣಗುತ್ತಿದೆ.